ಎಡಗಾಲಿಗೆ ಆಪರೇಷನ್, ಬಲಗಾಲಿಗೆ ಅಗಲ ಚಪ್ಪಲಿ: ಎರಡನ್ನೂ ನೋಡಿದ ಮೇಲೆ

ನನ್ನ ಎರಡೂ ಕಾಲಿನ ಹೆಬ್ಬೆರಳ ಬುಡದಲ್ಲಿ ಗಂಟಿದೆ. ಡಾಕ್ಟರ್ ಬನ್ಯನ್ ಎನ್ನುತ್ತಾರೆ, ರಿಪೋರ್ಟಿನಲ್ಲಿ ಹ್ಯಾಲಕ್ಸ್ ವ್ಯಾಲ್ಗಸ್ ಎಂದು ಬರೆಯುತ್ತಾರೆ, ನಮ್ಮ ದಾವಣಗೆರೆ ಕಡೆ ‘ಮೂಳೆ ಬೆಳೆದಿದೆ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಎಡಗಾಲಿಗೆ ಆಪರೇಷನ್ ಮಾಡಿಸಿದೆ. ಬಲಗಾಲಿಗೆ ಮಾಡಿಸಿಲ್ಲ. ನಾನು ಹೈಸ್ಕೂಲ್ ಟೀಚರ್, ದಿನಕ್ಕೆ ಐದಾರು ಪೀರಿಯಡ್ ನಿಂತೇ ಪಾಠ. ಮಾಡಿಸಲಾ ಬೇಡ್ವಾ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಮೂವರು ಕೇಳುತ್ತಿರುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಮೂಳೆ ಬೆಳೆದಿದೆ ಎನ್ನುತ್ತೇವಲ್ಲ, ನಿಜವಾಗಿ ಅಲ್ಲಿ ಹೊಸದಾಗಿ ಬೆಳೆದಿರುವುದು ತುಂಬಾ ಕಡಿಮೆ. ಪಾದದೊಳಗಿನ ಉದ್ದ ಮೂಳೆ ಒಳಬದಿಗೆ ಜರುಗುತ್ತದೆ, ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲುತ್ತದೆ, ಮಧ್ಯದ ಕೀಲು ಹೊರಗೆ ಉಬ್ಬಿ ಕಾಣುತ್ತದೆ. ಹಾಗಾಗಿ ‘ಸ್ವಲ್ಪ ಕೆರೆದು ತೆಗೆದರೆ ಆಯ್ತು’ ಅನ್ನುವುದು ತಪ್ಪು. ಚೂಪು ಮೂತಿಯ ಚಪ್ಪಲಿ, ಹೈ ಹೀಲ್ಸ್ ಇದನ್ನು ಜಾಸ್ತಿ ಮಾಡುತ್ತವೆ, ಆದರೆ ಮನೆತನದಲ್ಲೂ ಬರುತ್ತದೆ. ನಮ್ಮ ಅವ್ವನಿಗೂ ಹೀಗೇ ಇದೆ. ಚನ್ನಗಿರಿ ಹತ್ತಿರ ಅಡಿಕೆ ತೋಟದಲ್ಲಿ ಬರಿಗಾಲಲ್ಲೇ ಓಡಾಡಿದವಳು, ಒಂದು ದಿನವೂ ಶೂ ಹಾಕಿದವಳಲ್ಲ.

ಎಕ್ಸ್‌ರೇ ವಿಷಯದಲ್ಲಿ ನನಗೆ ಎರಡು ವರ್ಷ ಸುಮ್ನೆ ಹೋಯ್ತು. ಮೊದಲು ತೋರಿಸಿದ ಕಡೆ ಮಲಗಿಸಿ ಎಕ್ಸ್‌ರೇ ತೆಗೆದು, ಅಂಥದ್ದೇನೂ ಇಲ್ಲ ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ನಿಂತು, ಭಾರ ಹಾಕಿ ತೆಗೆಸಬೇಕು, ಆಗಲೇ ಬೆರಳು ನಿಜವಾಗಿ ಎಷ್ಟು ವಾಲಿದೆ ಎಂದು ಗೊತ್ತಾಗುವುದು. ಸಾಮಾನ್ಯವಾಗಿ 15 ಡಿಗ್ರಿ ಒಳಗಿದ್ದರೆ ಸರಿ ಇದೆ ಎಂದು, 20ರವರೆಗೆ ಕಡಿಮೆ, 40ರವರೆಗೆ ಮಧ್ಯಮ, ಅದರ ಮೇಲೆ ಹೋದರೆ ಜೋರು ಎಂದು ಲೆಕ್ಕ. ನನ್ನ ಎಡಗಾಲು 37, ಬಲಗಾಲು 24.

ಆಪರೇಷನ್‌ಗೆ ಮುಂಚೆ ಎರಡೂ ಕಾಲಿಗೆ ಎಲ್ಲಾ ಮಾಡಿ ನೋಡಿದೆ. ರಾತ್ರಿ ಕಟ್ಟುವ ಸ್ಪ್ಲಿಂಟ್ ನಾಲ್ಕು ತಿಂಗಳು ಬಿಡದೆ ಕಟ್ಟಿದೆ. ಬೆಳಗ್ಗೆ ಬಿಚ್ಚಿದಾಗ ಬೆರಳು ನೆಟ್ಟಗೆ ಕಾಣುತ್ತಿತ್ತು, ತಿಂಡಿ ತಿನ್ನುವಷ್ಟರಲ್ಲಿ ಮೊದಲಿನ ಜಾಗಕ್ಕೇ ಬಂದಿರುತ್ತಿತ್ತು. ಮೂವತ್ತು ದಿನದಲ್ಲಿ ಬೆರಳು ನೇರವಾಗುತ್ತದೆ ಎಂಬ ಜಾಹೀರಾತು ನಂಬಬೇಡಿ, ದೊಡ್ಡವರ ಕಾಲಿನ ಮೂಳೆ ಪಟ್ಟಿ ಕಟ್ಟಿದರೆ ನೇರವಾಗುವುದಿಲ್ಲ. ಬೆರಳ ಸಂದಿಗೆ ಇಡುವ ಸಿಲಿಕಾನ್ ತುಂಡು ಉಜ್ಜುವುದನ್ನು ತಪ್ಪಿಸಿತು, ಆದರೆ ಕಾಲುಂಗುರಕ್ಕೆ ಒತ್ತಿ ಗಾಯವಾಯ್ತು. ಉಂಗುರವನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಂಡ ಮೇಲೆ ಪರವಾಗಿಲ್ಲ. ಉಂಗುಟ ಇರುವ ಚಪ್ಪಲಿ ಪೂರ್ತಿ ಬಿಟ್ಟೆ, ಆ ಪಟ್ಟಿ ಹೆಬ್ಬೆರಳನ್ನು ಸರಿಯಾಗಿ ಗಂಟಿನ ಹತ್ತಿರವೇ ಹಿಡಿಯುತ್ತದೆ. ನಿಜಕ್ಕೂ ಕೆಲಸಕ್ಕೆ ಬಂದಿದ್ದು ಮುಂದೆ ಅಗಲ ಇರುವ, ಮೆತ್ತನೆ ಮೇಲ್ಭಾಗದ ಸ್ಯಾಂಡಲ್. ಅಂಗಡಿಗೆ ಸಂಜೆ ಹೊತ್ತೇ ಹೋಗಿ, ಕಾಲು ಊದಿರುವಾಗ, ನಿಂತುಕೊಂಡು ಹಾಕಿ ನೋಡಿ ತಗೊಳ್ಳಿ.

ಇಷ್ಟರಲ್ಲೇ ಬಲಗಾಲು ಸುಮ್ಮನಾಯ್ತು. ಗಂಟು ಹಾಗೇ ಇದೆ, ನೋವು ಮಾತ್ರ ಇಲ್ಲ.

ಎಡಗಾಲು ಕೇಳಲಿಲ್ಲ. ಹೆಬ್ಬೆರಳು ಎರಡನೇ ಬೆರಳಿನ ಅಡಿಗೆ ನುಗ್ಗಿ, ಅದರ ಕೆಳಗೆ ಅಂಗಾಲಲ್ಲಿ ಆಣಿ ಆಯ್ತು. ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋದಾಗ ಓಬವ್ವನ ಕಿಂಡಿವರೆಗೆ ಹೇಗೋ ಹೋದೆ, ಆಮೇಲೆ ಬಂಡೆ ಮೇಲೆ ಕೂತವಳು ಮಕ್ಕಳು ಮೇಲೆ ಹೋಗಿ ಬರುವವರೆಗೂ ಏಳಲಾಗಲಿಲ್ಲ. ಪ್ರತಿ ವರ್ಷ ಮದ್ದುಮನೆ, ಏಕನಾಥೇಶ್ವರಿ ಗುಡಿ ಎಲ್ಲಾ ನಾನೇ ಮುಂದೆ ನಿಂತು ತೋರಿಸುತ್ತಿದ್ದೆ. ಅವತ್ತು ತೀರ್ಮಾನ ಮಾಡಿದೆ. ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ನಿಂತು ಆಗಲೇ ಒಂದು ವರ್ಷವಾಗಿತ್ತು.

ಡಾಕ್ಟರ್ ಒಂದು ಅಧ್ಯಯನದ ಬಗ್ಗೆ ಹೇಳಿದ್ದರು. ಫಿನ್‌ಲೆಂಡ್‌ನಲ್ಲಿ 209 ಜನರನ್ನು ಮೂರು ಗುಂಪು ಮಾಡಿ ನೋಡಿ 2001ರಲ್ಲಿ ಪ್ರಕಟಿಸಿದ್ದು. ಒಂದು ಗುಂಪಿಗೆ ಆಪರೇಷನ್, ಒಂದಕ್ಕೆ ಪಾದದಡಿ ಇಡುವ ಇನ್‌ಸೋಲ್, ಇನ್ನೊಂದಕ್ಕೆ ಸುಮ್ಮನೆ ಕಾಯುವುದು. ಆರು ತಿಂಗಳಿಗೆ ಇನ್‌ಸೋಲ್‌ನವರಿಗೂ ನೋವು ಇಳಿದಿತ್ತು, ಆದರೆ ವರ್ಷದ ಹೊತ್ತಿಗೆ ಆಪರೇಷನ್ ಆದವರೇ ಮುಂದಿದ್ದರು. ನನ್ನ ಎಡಗಾಲಿನ ಅನುಭವಕ್ಕೆ ಇದು ಸರಿಯಾಗಿ ಹೊಂದುತ್ತದೆ. ಇನ್‌ಸೋಲ್ ನನಗೂ ಐದು ತಿಂಗಳು ಸಹಾಯ ಮಾಡಿತ್ತು.

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಮುಗಿಸಿಕೊಂಡು ಏಪ್ರಿಲ್ ಕೊನೆಗೆ ಅಡ್ಮಿಟ್ ಆದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿ, ಮೂಳೆ ಕತ್ತರಿಸಿ ಪಕ್ಕಕ್ಕೆ ಸರಿಸಿ ಸ್ಕ್ರೂ ಹಾಕಿದರು. ಕಾಲುಂಗುರ ತೆಗೆಯಬೇಕಾಯ್ತು. ಅವ್ವ ಬೇಜಾರಾಗಿ, ‘ಎಲ್ಲಾ ಮುಗಿದ ಮೇಲೆ ನಾನೇ ಹಾಕ್ತೀನಿ’ ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮೊದಲ ಮೂರು ರಾತ್ರಿ ನೋವು ಕೆಟ್ಟದಾಗಿತ್ತು. ಆಮೇಲೆ ಆರು ವಾರ ಹಿಮ್ಮಡಿ ಮೇಲೆ ಮಾತ್ರ ಭಾರ ಬೀಳುವ ಶೂ. ನಮ್ಮ ಮನೆ ಮಹಡಿ ಮೇಲಿದೆ, ಇಂಡಿಯನ್ ಟಾಯ್ಲೆಟ್ ಬೇರೆ. ಅದಕ್ಕೇ ವಿದ್ಯಾನಗರದಲ್ಲಿ ನೆಲಮಹಡಿಯಲ್ಲಿರುವ ಅಕ್ಕನ ಮನೆಯಲ್ಲಿದ್ದೆ. ಬೇಸಿಗೆ ರಜೆ ಸಾಕಾಗುತ್ತದೆ ಎಂದುಕೊಂಡಿದ್ದೆ, ಸಾಕಾಗಲಿಲ್ಲ. ಶಾಲೆ ಶುರುವಾದಾಗ ಇನ್ನೂ ಆ ಶೂನಲ್ಲೇ ಇದ್ದೆ, ಮೂರು ವಾರ ರಜೆ ಮುಂದುವರಿಸಿ ಆಮೇಲೂ ಒಂದು ತಿಂಗಳು ಕೂತೇ ಪಾಠ ಮಾಡಿದೆ. ಸಂಜೆ ಹೊತ್ತು ಊತ ಬರುವುದು ಏಳು ತಿಂಗಳು ನಿಲ್ಲಲಿಲ್ಲ. ಇದನ್ನು ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ, ಹಾಗಾಗಿ ಏನೋ ಕೆಟ್ಟುಹೋಗಿದೆ ಎಂದು ತುಂಬಾ ಹೆದರಿದ್ದೆ.

ಈಗ ಎರಡೂ ಕಾಲು ಪಕ್ಕ ಪಕ್ಕ ಇಟ್ಟು ಹೇಳುತ್ತೇನೆ. ನಡಿಗೆಯಲ್ಲಿ ಎಡಗಾಲು ಗೆದ್ದಿದೆ, ಅನುಮಾನವೇ ಇಲ್ಲ. ಆಣಿ ಹೋಯ್ತು, ಕೆರೆ ಏರಿ ಮೇಲೆ ಮುಕ್ಕಾಲು ಗಂಟೆ ನಡೆದರೂ ನೋವಿಲ್ಲ. ಆದರೆ ಬಾಗುವುದರಲ್ಲಿ ಬಲಗಾಲೇ ಮೇಲು. ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುತ್ತಾ ಮುಂದೆ ಸರಿಯುವಾಗ ಹೆಬ್ಬೆರಳು ಮೇಲಕ್ಕೆ ಮಡಚಬೇಕಲ್ವಾ, ಎಡದ್ದು ಅರ್ಧಕ್ಕೇ ನಿಲ್ಲುತ್ತದೆ. ದಿನಾ ಬೆರಳಿನ ವ್ಯಾಯಾಮ ಮಾಡಿದರೂ ಪೂರ್ತಿ ಬಂದಿಲ್ಲ. ಬೆರಳ ಪಕ್ಕದಲ್ಲಿ ಸ್ವಲ್ಪ ಜಾಗ ಇವತ್ತಿಗೂ ಮರಗಟ್ಟಿದೆ. ಇನ್ನು ಚಪ್ಪಲಿ ವಿಷಯದಲ್ಲಿ ಎರಡಕ್ಕೂ ಒಂದೇ ಕಟ್ಟುಪಾಡು, ಏಕೆಂದರೆ ಆಪರೇಷನ್ ಆದ ಕಾಲಲ್ಲೂ ಬೆರಳು ಮತ್ತೆ ವಾಲಬಹುದು. ಮದುವೆಗೆ ಚೂಪು ಚಪ್ಪಲಿ ಹಾಕಬಹುದು ಎಂಬ ಆಸೆಯಿಂದ ಮಾಡಿಸುವವರಿದ್ದರೆ ದಯವಿಟ್ಟು ಬೇಡ.

ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ನೋವಿಲ್ಲದ ಕಾಲನ್ನು ಕೊಯ್ಯಿಸಬೇಡಿ ಎಂದು ಸ್ಟಾಫ್ ರೂಮಿನ ಇಬ್ಬರಿಗೆ ಹೇಳಿದ್ದೇನೆ. ಮೂರನೆಯವರಿಗೆ ಸಕ್ಕರೆ ಕಾಯಿಲೆ ಇದೆ, ಗಾಯ ಮಾಯುವುದು ತಡ, ಸೋಂಕಿನ ಭಯ ಜಾಸ್ತಿ. ಅವರು ಮೊದಲು ಶುಗರ್ ಹತೋಟಿಗೆ ತಂದುಕೊಂಡು ಆಮೇಲೆ ಡಾಕ್ಟರ ಹತ್ತಿರ ಮಾತಾಡಲಿ. ಆದರೆ ಅಗಲ ಸ್ಯಾಂಡಲ್ ಹಾಕಿಯೂ ಆರು ತಿಂಗಳಲ್ಲಿ ನೋವು ಇಳಿಯದಿದ್ದರೆ, ನಿಮ್ಮ ಕೆಲಸವೋ ನಡಿಗೆಯೋ ನಿಂತುಹೋಗಿದ್ದರೆ, ಹೆದರಿ ಮುಂದೂಡಬೇಡಿ. ನಾನು ಎರಡು ವರ್ಷ ಮುಂಚೆ ಮಾಡಿಸಿದ್ದರೆ ಎರಡನೇ ಬೆರಳಾದರೂ ಇಷ್ಟು ಸೊಟ್ಟಗಾಗುತ್ತಿರಲಿಲ್ಲ.

ಬಲಗಾಲಿಗೆ ಸದ್ಯ ಬೇಡ ಎಂದು ಡಾಕ್ಟರಿಗೆ ಹೇಳಿ ಬಂದಿದ್ದೇನೆ. ವರ್ಷಕ್ಕೊಮ್ಮೆ ನಿಂತು ಎಕ್ಸ್‌ರೇ ತೆಗೆಸುತ್ತೇನೆ, ಹೋದ ಸಲವೂ 24ರಲ್ಲೇ ಇತ್ತು.