ಲಿನಕ್ಸ್ ಹಾಕಿಸುವ ಮೊದಲು ವಿಂಡೋಸ್‌ನ ರಿಕವರಿ ಕೀ ಎಲ್ಲಿದೆ ನೋಡಿಕೊಳ್ಳಿ

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇರಲಿ, ಜೊತೆಗೆ ಲಿನಕ್ಸ್ ಅನ್ನುವ ಇನ್ನೊಂದು ಓಎಸ್ (ಆಪರೇಟಿಂಗ್ ಸಿಸ್ಟಮ್) ಕೂಡ ಬೇಕು ಅಂತ ಕಾರವಾರ, ಶಿರಸಿ ಕಡೆ ಯಾರಾದರೂ ಅಂಗಡಿಗೆ ಹೊರಟಿದ್ದರೆ ಇದನ್ನು ಓದಿ ಹೋಗಿ. ನಿಮ್ಮದು ವಿಂಡೋಸ್ 11 ಆಗಿದ್ದರೆ ಅದರ ಡಿಸ್ಕ್ ನಿಮಗೆ ಗೊತ್ತಿಲ್ಲದೆಯೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿರಬಹುದು. ಅದರ ಕೀ ಯಾರ ಹತ್ತಿರ ಇದೆ ಅಂತ ನೋಡದೆ, ವಿಂಡೋಸ್ ಬೇಕಾ ಲಿನಕ್ಸ್ ಬೇಕಾ ಅಂತ ಶುರುವಿನಲ್ಲೇ ಕೇಳುವ ಬೂಟ್ ಮ್ಯಾನೇಜರ್ ಹಾಕಿಸಿದರೆ ಒಳಗಿದ್ದ ಎಲ್ಲವೂ ಹೋಗಬಹುದು. ನಮ್ಮಲ್ಲಿ ಹೋಯಿತು.

ಅಕ್ಕನ ಮಗಳು ಕಾರವಾರದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ, ಕೊನೆಯ ವರ್ಷ. ಅಡಿಕೆ ಕಾಯಿಯ ಫೋಟೋ ನೋಡಿ ಕೊಳೆ ರೋಗ ಇದೆಯೋ ಇಲ್ಲವೋ ಹೇಳುವ ಪ್ರೋಗ್ರಾಂ ಅವಳ ಪ್ರಾಜೆಕ್ಟ್. ಇದಕ್ಕಾಗಿ ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ನೆಂಟರ ತೋಟಗಳಲ್ಲಿ ಉಂಬಳಗಳಿಂದ (ಜಿಗಣೆ) ಕಚ್ಚಿಸಿಕೊಳ್ಳುತ್ತಾ ಫೋಟೋ ತೆಗೆದಿದ್ದಳು. ಫೋನ್ ತುಂಬಿತು ಅಂತ ಎಲ್ಲವನ್ನೂ ಲ್ಯಾಪ್‌ಟಾಪ್‌ಗೆ ಹಾಕಿದ್ದಳು. ಕೊಳೆ ಬರುವುದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ತೋಟಕ್ಕೆ ಹೋಗಿ ಮತ್ತೆ ತೆಗೆಯುತ್ತೇನೆ ಅಂದರೆ ಆಗುವುದಿಲ್ಲ.

ಪ್ರಾಜೆಕ್ಟಿಗೆ ಉಬುಂಟು (ಲಿನಕ್ಸಿನ ಒಂದು ಬಗೆ) ಬೇಕು ಅಂತ ಕಾರವಾರ ಪೇಟೆಯ ಒಂದು ಅಂಗಡಿಗೆ ಕೊಟ್ಟಳು. ಅವಳು ಅಲ್ಲೇ ಕೂತಿದ್ದರಿಂದ ಏನೇನು ನಡೆಯಿತು ಅಂತ ನಮಗೆ ಗೊತ್ತು. ಅಂಗಡಿಯವನು ಮೊದಲು ವಿಂಡೋಸ್‌ನ ಸಿ ಡ್ರೈವ್ ಸಣ್ಣ ಮಾಡಿ ಜಾಗ ಬಿಡಿಸಿಕೊಂಡ. ಪೆನ್‌ಡ್ರೈವ್ ಹಾಕಿ ಇನ್‌ಸ್ಟಾಲರ್ ತೆರೆದಾಗ ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ವ್ಯವಸ್ಥೆ) ಬಗ್ಗೆ ಒಂದು ಎಚ್ಚರಿಕೆ ಬಂತು. ಅದನ್ನು ಓದದೆ ಹಿಂದೆ ಹೋಗಿ ಮ್ಯಾನುಯಲ್ ಅಂತ ಇರುವುದನ್ನು ಒತ್ತಿದ. ಬಯೋಸ್‌ಗೆ (ಮೆಷಿನ್‌ನ ಮೂಲ ಸೆಟ್ಟಿಂಗ್) ಹೋಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಪ್ರೋಗ್ರಾಂ ಶುರುವಾಗದಂತೆ ತಡೆಯುವ ಕಾವಲು) ಆಫ್ ಮಾಡಿದ. ಕೊನೆಗೆ ಗ್ರಬ್ ಅನ್ನುವ ಬೂಟ್ ಮ್ಯಾನೇಜರ್‌ನ ಮೆನು ಬಂತು, ಉಬುಂಟು ತೆರೆಯಿತು. ‘ಎರಡೂ ಬರ್ತದೆ’ ಅಂದ, ದುಡ್ಡು ತಗೊಂಡ. ವಿಂಡೋಸ್ ತೆರೆದು ತೋರಿಸಲಿಲ್ಲ.

ರಾತ್ರಿ ಹಾಸ್ಟೆಲಿನಿಂದ ಫೋನ್. ‘ಮಾವಾ, ವಿಂಡೋಸ್ ಒತ್ತಿದ್ರೆ ಎಂತದೋ ನಂಬರ್ ಕೇಳ್ತಾ ಇದ್ದು.’ ಫೋಟೋ ಕಳಿಸಿದಳು. ನೀಲಿ ಪರದೆ, 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಹಾಕಿ ಅಂತ ಬರೆದಿದೆ.

ಗ್ರಬ್ ಅಂದರೆ ಶಿರಸಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಇದ್ದ ಹಾಗೆ. ಇದು ಕುಮಟಾಕ್ಕೆ, ಅದು ಸಿದ್ದಾಪುರಕ್ಕೆ ಅಂತ ಹೇಳುವುದಷ್ಟೇ ಅದರ ಕೆಲಸ, ಒಳಗಿನ ಸಾಮಾನು ಮುಟ್ಟುವುದಿಲ್ಲ. ತೊಂದರೆ ಇರುವುದು ಬೇರೆ ಕಡೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಟಿಪಿಎಂ ಎಂಬ ಚಿಪ್ ಇರುತ್ತದೆ. ಮೆಷಿನ್ ಶುರುವಾಗುವಾಗ ಯಾವ ಪ್ರೋಗ್ರಾಂ ಮೊದಲು ಬಂತು, ಅದಕ್ಕೆ ಯಾರ ಸಹಿ ಇದೆ, ಸೆಕ್ಯೂರ್ ಬೂಟ್ ಆನ್ ಇದೆಯಾ, ಇದನ್ನೆಲ್ಲ ಅದು ಅಳೆದು ಇಟ್ಟುಕೊಳ್ಳುತ್ತದೆ. ಎಲ್ಲ ಹಿಂದಿನಂತೆಯೇ ಇದ್ದರೆ ಡಿಸ್ಕಿನ ಕೀ ಕೊಡುತ್ತದೆ. ಮಧ್ಯೆ ಗ್ರಬ್ ಬಂದರೆ, ಸೆಕ್ಯೂರ್ ಬೂಟ್ ಬದಲಾದರೆ, ಯಾರೋ ಕಳ್ಳ ಕೈ ಹಾಕಿದ್ದಾನೆ ಅಂತ ತಿಳಿದು ಕೊಡುವುದಿಲ್ಲ. ಆಗ ಬರುವುದೇ ಆ ನೀಲಿ ಪರದೆ. ಅಂದರೆ ವಿಂಡೋಸ್ ಹಾಳಾಗಿಲ್ಲ, ಫೈಲುಗಳೂ ಹೋಗಿಲ್ಲ. ಬಾಗಿಲು ಹಾಕಿದೆ ಅಷ್ಟೆ.

ನಾವು ಬಿಟ್‌ಲಾಕರ್ ಆನ್ ಮಾಡಿರಲೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಮಾಡಬೇಕಾಗಿಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದರೆ ಡಿವೈಸ್ ಎನ್‌ಕ್ರಿಪ್ಷನ್ (ಬಿಟ್‌ಲಾಕರ್‌ನದೇ ಸರಳ ರೂಪ) ತಾನೇ ಆನ್ ಆಗುತ್ತದೆ, ಹೋಮ್ ಎಡಿಷನ್‌ನಲ್ಲೂ ಕೂಡ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇನ್ನೂ ಜಾಸ್ತಿ ಮೆಷಿನ್‌ಗಳಲ್ಲಿ ಹೀಗಾಗುತ್ತಿದೆ. ಕೀ ಆ ಅಕೌಂಟಿಗೆ ಹೋಗಿ ಕೂರುತ್ತದೆ. ಬ್ರೌಸರ್‌ನಲ್ಲಿ ಅಕೌಂಟ್ ತೆರೆದು ರಿಕವರಿ ಕೀ ಹುಡುಕಿದರೆ ಸಿಗಬೇಕು.

ಅವಳ ಅಕೌಂಟಿನಲ್ಲಿ ಸಿಗಲಿಲ್ಲ. ಯಾಕೆ ಗೊತ್ತಾ? ಲ್ಯಾಪ್‌ಟಾಪ್ ತಂದದ್ದು ಹುಬ್ಬಳ್ಳಿಯಿಂದ. ಆ ಅಂಗಡಿಯ ಹುಡುಗ ‘ನಾನೇ ಸೆಟ್ ಮಾಡಿ ಕೊಡ್ತೀನಿ’ ಅಂತ ತನ್ನ ಯಾವುದೋ ಮೇಲ್ ಐಡಿ ಹಾಕಿ ಮೊದಲ ಲಾಗಿನ್ ಮಾಡಿಬಿಟ್ಟಿದ್ದ. ಇವಳ ಐಡಿ ಸೇರಿಸಿದ್ದು ಆಮೇಲೆ. ಕೀ ಹೋದದ್ದು ಮೊದಲ ಅಕೌಂಟಿಗೆ. ಹುಬ್ಬಳ್ಳಿಗೆ ಫೋನ್ ಮಾಡಿದರೆ ‘ಆ ಹುಡುಗ ಕೆಲಸ ಬಿಟ್ಟು ಹೋದ್ನಲ್ರೀ, ಪಾಸ್‌ವರ್ಡ್ ನಮಗೇನ್ ಗೊತ್ತು’ ಅಂದರು. ನಮ್ಮ ಜಿಲ್ಲೆಯಲ್ಲಿ ಎಷ್ಟು ಲ್ಯಾಪ್‌ಟಾಪ್‌ಗಳ ಕೀ ಹೀಗೆ ಯಾರದೋ ಮೇಲ್‌ನಲ್ಲಿ ಬಿದ್ದಿದೆಯೋ ದೇವರಿಗೇ ಗೊತ್ತು. ಇಡೀ ಕಥೆಯಲ್ಲಿ ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೇ.

ನಾನು ಹುಬ್ಬಳ್ಳಿಯ ಹಿಂದೆ ಬಿದ್ದಿರುವಾಗ, ರಿವ್ಯೂ ಹತ್ತಿರ ಬಂತು ಅಂತ ಅವಳು ಲ್ಯಾಪ್‌ಟಾಪ್ ಹಿಡಿದು ಅದೇ ಕಾರವಾರದ ಅಂಗಡಿಗೆ ಹೋದಳು. ಅವನು ನೋಡಿದವನೇ ‘ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೀಬೇಕು’ ಅಂದ. ಫೋಟೋ ಬೇಕು ಅಂದಳು. ‘ರಿಕವರಿ ಸಾಫ್ಟ್‌ವೇರ್ ಇದೆ, ಆಮೇಲೆ ತೆಗೆಯುವಾ’ ಅಂದ. ಹೊಡೆದ.

ಅಳಿಸಿದ ಫೈಲನ್ನು ರಿಕವರಿ ಸಾಫ್ಟ್‌ವೇರ್ ಹುಡುಕುವುದು ಡಿಸ್ಕಿನಲ್ಲಿ ಉಳಿದ ಗುರುತು ನೋಡಿ. ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಉಳಿದದ್ದು ಗಜಿಬಿಜಿ ಅಕ್ಷರ ಮಾತ್ರ. ಕೀ ತೆರೆಯಲು ಬೇಕಾದ ಮಾಹಿತಿಯೂ ಅದೇ ಪಾರ್ಟಿಷನ್‌ನಲ್ಲಿ (ಡಿಸ್ಕಿನ ಭಾಗ) ಇರುತ್ತದೆ, ಫಾರ್ಮ್ಯಾಟ್ ಮಾಡಿ ಅದರ ಮೇಲೆ ಹೊಸ ವಿಂಡೋಸ್ ಬರೆದರೆ ಮುಗಿಯಿತು. ನಾಳೆ ಹುಬ್ಬಳ್ಳಿಯಿಂದ 48 ಅಂಕಿ ಸಿಕ್ಕಿದರೂ ಅದನ್ನು ಹಾಕಲು ಜಾಗ ಇಲ್ಲ.

ಹೊಟ್ಟೆ ಉರಿಯುವುದು ಏನಕ್ಕೆ ಅಂದರೆ, ಫಾರ್ಮ್ಯಾಟಿಗೆ ಮೊದಲು ಮಾಡಿ ನೋಡಬಹುದಾದದ್ದು ತೀರಾ ಸುಲಭ. ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿ. ಶುರುವಾಗುವಾಗ ಎಫ್12 ಅಥವಾ ಎಫ್9 ಒತ್ತಿ (ಕಂಪನಿಗೊಂದು ಬಟನ್) ಬೂಟ್ ಮೆನು ತೆರೆಯಿರಿ. ಅಲ್ಲಿ ಗ್ರಬ್ ಬಿಟ್ಟು ನೇರವಾಗಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಚಿಪ್‌ಗೆ ಎಲ್ಲ ಹಿಂದಿನಂತೆ ಕಂಡರೆ ಎಷ್ಟೋ ಸಲ ಕೀ ಕೇಳದೆಯೇ ತೆರೆಯುತ್ತದೆ. ನೀಲಿ ಪರದೆ ಬಂದವರು ಮೊದಲು ಇದನ್ನು ಮಾಡಿ. ಫಾರ್ಮ್ಯಾಟ್ ಅನ್ನುವವರ ಕೈಗೆ ಮಾತ್ರ ಕೊಡಬೇಡಿ.

ಹಾಕಿಸುವ ಮೊದಲಾದರೆ ಇನ್ನೂ ಸುಲಭ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯೂರಿಟಿ, ಅದರೊಳಗೆ ಡಿವೈಸ್ ಎನ್‌ಕ್ರಿಪ್ಷನ್. ಆನ್ ಇದ್ದರೆ ಆಫ್ ಮಾಡಿ, ಚಾರ್ಜರ್ ಹಾಕಿಟ್ಟು ಪೂರ್ತಿ ಮುಗಿಯುವವರೆಗೆ ಕಾಯಿರಿ. ಆಫ್ ಮಾಡುವುದು ಬೇಡ ಅನ್ನುವವರು ಕೀ ಬರೆದಿಟ್ಟುಕೊಳ್ಳಿ, ಕಾಗದದಲ್ಲಿ. ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಉಬುಂಟು, ಫೆಡೋರಾ ಎರಡೂ ಅದು ಆನ್ ಇದ್ದಾಗಲೇ ಶುರುವಾಗುತ್ತವೆ.

ಇದರ ಜೊತೆಗೆ ಸಣ್ಣಪುಟ್ಟ ಕಾಟಗಳೂ ಇವೆ. ಲಿನಕ್ಸಿನಿಂದ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗುತ್ತದೆ; ವೈರಸ್ ಅಲ್ಲ, ಎರಡೂ ಸಮಯ ಇಡುವ ರೀತಿ ಬೇರೆ. ಲಿನಕ್ಸ್ ಬೇಡ ಅಂತ ವಿಂಡೋಸ್‌ನಿಂದ ಅದರ ಪಾರ್ಟಿಷನ್ ಅಳಿಸಿದರೆ ಮುಂದಿನ ಸಲ ಕಪ್ಪು ಪರದೆಯಲ್ಲಿ ಗ್ರಬ್ ಅಂತ ಮಾತ್ರ ಬರುತ್ತದೆ. ಆಗಲೂ ಅದೇ ಎಫ್12 ಮೆನು. 2024ರ ಆಗಸ್ಟಿನಲ್ಲಿ ವಿಂಡೋಸ್‌ನ ಒಂದು ಸೆಕ್ಯೂರಿಟಿ ಅಪ್‌ಡೇಟ್ ಬಂದ ಮೇಲೆ ಎರಡು ಓಎಸ್ ಇದ್ದ ಎಷ್ಟೋ ಮೆಷಿನ್‌ಗಳಲ್ಲಿ ಲಿನಕ್ಸ್ ಏಳಲೇ ಇಲ್ಲ. ಅಂದರೆ ಒಂದು ಸಲ ಸರಿಯಾಗಿ ಹಾಕಿಸಿದರೆ ಮುಗಿಯಿತು ಅನ್ನುವ ಹಾಗಿಲ್ಲ.

ಹಳೇ ಲ್ಯಾಪ್‌ಟಾಪ್‌ನವರಿಗೂ ಒಂದು ಮಾತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿದಿದೆ, ಹಾಗಾಗಿ ಅಂಥವಕ್ಕೆ ಲಿನಕ್ಸ್ ಹಾಕಿಸುವವರಿದ್ದಾರೆ. ಅವುಗಳಲ್ಲಿ ಬಿಟ್‌ಲಾಕರ್ ಕಾಟ ಕಡಿಮೆ ಇರಬಹುದು, ಆದರೆ ಬ್ಯಾಟರಿ ಸತ್ತಿರುತ್ತದೆ. ಪಾರ್ಟಿಷನ್ ಸಣ್ಣ ಮಾಡುವ ಮಧ್ಯದಲ್ಲಿ ಕರೆಂಟ್ ಹೋದರೆ ಫೈಲ್ ಸಿಸ್ಟಮ್ಮೇ ಕೆಡಬಹುದು. ಜೂನ್, ಜುಲೈಯಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಹೇಳಬೇಕಾ? ಯುಪಿಎಸ್ ಇಲ್ಲದ ಜಾಗದಲ್ಲಿ ಈ ಕೆಲಸ ಬೇಡ.

ಆಮೇಲೆ ಗೊತ್ತಾದದ್ದು, ಅವಳ ಪ್ರಾಜೆಕ್ಟಿಗೆ ಎರಡನೇ ಓಎಸ್ ಬೇಕಾಗಿಯೇ ಇರಲಿಲ್ಲ. ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ ಇದೆ. ಒಂದು ಕಮಾಂಡ್, ಒಂದು ರೀಸ್ಟಾರ್ಟ್, ಉಬುಂಟು ಬರುತ್ತದೆ. ಪೈಥಾನ್ ನಡೆಯುತ್ತದೆ, ಎನ್‌ವಿಡಿಯಾ ಕಾರ್ಡ್ ಇದ್ದರೆ ಅದನ್ನೂ ಬಳಸಬಹುದು. ಬೂಟ್ ಮುಟ್ಟುವ ಗೊಡವೆಯೇ ಇಲ್ಲ. ಕಾಲೇಜು ಲ್ಯಾಬಿನ ಕೆಲಸಕ್ಕೆ ಇದು ಸಾಕು ಅಂತ ನನ್ನ ಅಭಿಪ್ರಾಯ. ಸುಮ್ನೆ ಲಿನಕ್ಸ್ ಹೇಗಿದೆ ನೋಡೋಣ ಅನ್ನುವವರಿಗೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಲು ಬರುತ್ತದೆ. ಎರಡೂ ಬೇಕೇ ಬೇಕು ಅನ್ನುವವರು, ಜಾಗ ಇದ್ದರೆ, ಬೇರೆಯೇ ಎಸ್‌ಎಸ್‌ಡಿ ಹಾಕಿ ಅದರಲ್ಲಿ ಲಿನಕ್ಸ್ ಇಟ್ಟುಕೊಳ್ಳಿ. ಮೊದಲ ಡಿಸ್ಕ್ ಮುಟ್ಟದೆ ಕೆಲಸ ಆಗುತ್ತದೆ.

ಫೋಟೋಗಳಲ್ಲಿ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಕೆಲವು ಮಾತ್ರ ಉಳಿದಿವೆ, ಅವೂ ಕುಗ್ಗಿಸಿದವು. ಎಲೆಚುಕ್ಕಿ ರೋಗದ ಎಲೆಗಳು ಈಗಲೂ ಸಿಗುತ್ತವೆ ಅಂತ ಗೈಡ್ ಒಪ್ಪಿ ವಿಷಯ ಬದಲಿಸಿಕೊಟ್ಟಿದ್ದಾರೆ, ಹಾಗಾಗಿ ವರ್ಷ ಉಳಿಯಿತು. ಅಂಗಡಿಯವನು ಮೊದಲ ಸಲದ್ದು, ಫಾರ್ಮ್ಯಾಟಿನದ್ದು, ಎರಡೂ ಚಾರ್ಜ್ ತಗೊಂಡಿದ್ದಾನೆ. ವಾಪಸ್ ಕೇಳಲು ನಾನೇ ಕಾರವಾರಕ್ಕೆ ಹೋಗಿದ್ದೆ. ಲ್ಯಾಪ್‌ಟಾಪ್ ಆನ್ ಮಾಡಿ, ಮೆನು ತೋರಿಸಿ, ‘ಎರಡೂ ಬರ್ತಾ ಇದೆಯಲ್ಲ ಸರ್, ಮತ್ತೆಂತ?’ ಅಂದ.