ಹುರುಳಿಕಾಳು ಕಳಿಸಿ, ಕಂಬದ ಇದ್ದಿಲು ಬೇಡ: ಎಎಂಎಸ್ ರೇಡಿಯೋಕಾರ್ಬನ್ ಸೇವೆ ಹೇಗಿದೆ?

ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯ ನವಶಿಲಾಯುಗದ ನೆಲೆಗಳಲ್ಲಿ ಅಗೆಯುವವರು ರೇಡಿಯೋಕಾರ್ಬನ್ ಕಾಲನಿರ್ಣಯಕ್ಕಾಗಿ (ಸತ್ತ ಜೀವಿಯಲ್ಲಿ ಕ್ಷಯಿಸುತ್ತ ಉಳಿದ ಇಂಗಾಲ-14ರಿಂದ ವಯಸ್ಸು ಹೇಳುವ ವಿಧಾನ) ಸೀದಾ ವಿದೇಶದ ಕಡೆ ನೋಡಬೇಕಾದ ಕಾಲ ಇದಲ್ಲ. ಹೊಸದಿಲ್ಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ (ಐಯುಎಸಿ) 500 ಕಿಲೋವೋಲ್ಟ್ ಪೆಲೆಟ್ರಾನ್ (ಕಣಗಳನ್ನು ವೇಗಕ್ಕೇರಿಸುವ ಯಂತ್ರ) ಆಧಾರಿತ ಎಎಂಎಸ್, ಅಂದರೆ ವೇಗವರ್ಧಕ ದ್ರವ್ಯರಾಶಿ ರೋಹಿತಮಾಪಕ ಇದೆ, ಮಾದರಿಯನ್ನು ಗ್ರಾಫೈಟ್ ಮಾಡುವ ಸ್ವಯಂಚಾಲಿತ ಘಟಕವೂ ಇದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ 1 ಮೆಗಾವೋಲ್ಟಿನ ಇನ್ನೊಂದು ಯಂತ್ರವಿದೆ. ವಿಶ್ವವಿದ್ಯಾಲಯದ ತಂಡಗಳಿಗೆ ನಮ್ಮ ಮೊದಲ ಶಿಫಾರಸು ಐಯುಎಸಿ. ಅಳತೆಯ ಗುಣಮಟ್ಟದ ಬಗ್ಗೆ ಅನುಮಾನ ಬೇಡ. ಆದರೆ ಬಂದ ದಿನಾಂಕ ನಿಮ್ಮ ನೆಲೆಗೆ ಎಷ್ಟರಮಟ್ಟಿಗೆ ಉತ್ತರ ಕೊಡುತ್ತದೆ ಎಂಬುದರ ಮುಕ್ಕಾಲು ಪಾಲು, ಪೊಟ್ಟಣ ಕಟ್ಟುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ಯಂತ್ರಕ್ಕಿಂತ ಮಾದರಿಯ ಮಾತೇ ಹೆಚ್ಚು.

ಹಿಂದಿನ ಕ್ರಮ ಬೇರೆ ಇತ್ತು. ಹಳ್ಳೂರು, ತೆಕ್ಕಲಕೋಟೆಗಳಂಥ ನೆಲೆಗಳ ಹಳೆಯ ವರದಿಗಳಲ್ಲಿ 'ಟಿಎಫ್' ಎಂದು ಶುರುವಾಗುವ ಸಂಖ್ಯೆಗಳು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವು. ಆಗ ಇಂಗಾಲ-14 ಕ್ಷಯಿಸುವಾಗ ಹೊಮ್ಮುವ ವಿಕಿರಣದ ಒಂದೊಂದು ಮಿಡಿತವನ್ನೂ ಎಣಿಸಬೇಕಿತ್ತು, ಅದಕ್ಕೆ ಗ್ರಾಂಗಟ್ಟಲೆ ಇದ್ದಿಲು ಬೇಕಿತ್ತು. ಅಷ್ಟು ಇದ್ದಿಲು ಸಿಗುವುದು ದಪ್ಪ ಕಂಬದಿಂದ, ಇಲ್ಲವೇ ಒಂದೇ ಪದರದ ಹತ್ತು ಕಡೆ ಹೆಕ್ಕಿದ ಚೂರುಗಳಿಂದ. ಕಂಬದ್ದಾದರೆ ಮರ ಬೆಳೆದ ಕಾಲ ಬರುತ್ತದೆ, ಮನೆ ಕಟ್ಟಿದ ಕಾಲವಲ್ಲ. ಮರದ ಒಳತಿರುಳು ನೂರು ಇನ್ನೂರು ವರ್ಷ ಹಳತಾಗಿರಬಹುದು. ಚೂರುಗಳಾದರೆ ಹಲವು ಕಾಲಗಳ ಸರಾಸರಿ ಬರುತ್ತದೆ. ಪ್ಲಸ್ ಮೈನಸ್ ನೂರು ವರ್ಷದ ಆ ದಿನಾಂಕಗಳು ಆ ಕಾಲಕ್ಕೆ ದೊಡ್ಡ ಸಾಧನೆ. ಇವತ್ತಿನ ವಾದಕ್ಕೆ ಅವುಗಳನ್ನಷ್ಟೇ ನೆಚ್ಚಿಕೊಳ್ಳಬಾರದು.

ಎಎಂಎಸ್ ಇಂಗಾಲ-14ರ ಪರಮಾಣುಗಳನ್ನೇ ನೇರವಾಗಿ ಎಣಿಸುತ್ತದೆ. ಅದಕ್ಕೆ ಬೇಕಾದದ್ದು ಸುಮಾರು 1 ಮಿಲಿಗ್ರಾಂ ಶುದ್ಧ ಇಂಗಾಲ. ಸುಟ್ಟು ಕರಕಲಾದ ಒಂದೇ ಒಂದು ಹುರುಳಿಕಾಳಿನಲ್ಲಿ, ಶುದ್ಧೀಕರಣದಲ್ಲಿ ಅರ್ಧ ಕಳೆದರೂ ಇಷ್ಟು ಇಂಗಾಲ ಉಳಿಯುತ್ತದೆ. ಹುರುಳಿ, ಹೆಸರು, ಕೊರಲೆ ಒಂದೇ ಹಂಗಾಮಿನಲ್ಲಿ ಬೆಳೆದು ಕೊಯ್ಲಾಗುವಂಥವು, ಹಳೆಮರದ ತೊಡಕು ಇವಕ್ಕಿಲ್ಲ. ದಕ್ಷಿಣ ಭಾರತದ ನವಶಿಲಾಯುಗದ ಕಾಲಾನುಕ್ರಮವನ್ನು 2007ರಲ್ಲಿ ಪರಿಷ್ಕರಿಸಿದ ಪುರಾತತ್ವಜ್ಞರಾದ ಡೋರಿಯನ್ ಫುಲ್ಲರ್, ನಿಕೋಲ್ ಬೋಯ್ವಿನ್, ರವಿ ಕೋರಿಶೆಟ್ಟರ್ ಅವರ ಕೆಲಸದಲ್ಲಿ ಬಳ್ಳಾರಿ ಬಳಿಯ ಸಂಗನಕಲ್ಲಿನ ಎಎಂಎಸ್ ದಿನಾಂಕಗಳಿಗೆ ದೊಡ್ಡ ಪಾತ್ರವಿದೆ. ಕೊರಲೆಯಂಥ ಸಣ್ಣ ಕಾಳು ಒಂದು ಸಾಲದು. ಹಲವು ಕಾಳು ಸೇರಿಸಬೇಕಾಗುತ್ತದೆ, ಆಗ ಮತ್ತೆ ಬೆರಕೆಯ ಅಪಾಯ. ಆಯ್ಕೆ ಇದ್ದರೆ ದ್ವಿದಳವೇ ಮೇಲು.

ಕಾಳು ಸಿಗಬೇಕಾದರೆ ಮಣ್ಣನ್ನು ನೀರಿನಲ್ಲಿ ತೇಲಿಸಿ 0.25 ಅಥವಾ 0.5 ಮಿಲಿಮೀಟರ್ ಜಾಲರಿಯಲ್ಲಿ ಹಿಡಿಯಬೇಕು, ನೆರಳಿನಲ್ಲಿ ಒಣಗಿಸಬೇಕು, ಸೂಕ್ಷ್ಮದರ್ಶಕದ ಕೆಳಗೆ ಗುರುತಿಸಬೇಕು. ಕಾಳಿನ ಬಿರುಕಿನೊಳಗೆ ಕೂದಲೆಳೆಯಂಥ ಬೇರು ಹೊಕ್ಕಿರುತ್ತದೆ, ಚಿಮಟದಿಂದ ತೆಗೆಯಿರಿ. ಕಳಿಸುವ ಮೊದಲು ಫೋಟೊ, ಅಳತೆ, ಜಾತಿ ದಾಖಲಿಸಿ, ಏಕೆಂದರೆ ಪರೀಕ್ಷೆಯಾದ ಕಾಳು ವಾಪಸ್ ಬರುವುದಿಲ್ಲ. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಜಿಪ್‌ಲಾಕ್ ಚೀಲಕ್ಕೆ ಹಾಕಿ. ಹತ್ತಿ, ಟಿಶ್ಯೂ ಕಾಗದ, ಅಂಟು, ಪ್ಯಾರಲಾಯ್ಡ್ (ವಸ್ತುವನ್ನು ಗಟ್ಟಿಮಾಡುವ ರಾಳ) ಯಾವುದೂ ಮುಟ್ಟಬಾರದು, ಎಲ್ಲವೂ ಇಂಗಾಲವೇ. ಹೆಸರುಚೀಟಿ ಹೊರಗಿನ ಚೀಲದಲ್ಲಿರಲಿ. ಹಸಿ ಮಾದರಿಯನ್ನು ತಿಂಗಳುಗಟ್ಟಲೆ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ.

ಎರೆಮಣ್ಣಿನ ಬಗ್ಗೆ ಒಂದು ಎಚ್ಚರಿಕೆಯನ್ನು ಬೇರೆಯಾಗಿಯೇ ಹೇಳಬೇಕು. ಬೇಸಿಗೆಯಲ್ಲಿ ಅದು ಆಳಕ್ಕೆ ಬಿರಿಯುತ್ತದೆ, ಮೇಲಿನ ಕಾಳು ಕೆಳಗಿನ ಪದರಕ್ಕೆ ಜಾರುತ್ತದೆ. ಇಲಿ, ಗೆದ್ದಲು ಇದೇ ಕೆಲಸವನ್ನು ವರ್ಷವಿಡೀ ಮಾಡುತ್ತವೆ. ಪ್ರಯೋಗಾಲಯ ಆ ಕಾಳಿನ ಕಾಲವನ್ನು ಸರಿಯಾಗಿಯೇ ಹೇಳುತ್ತದೆ, ತಪ್ಪುವುದು ಪದರದ ಕಾಲ. ಒಂದು ಪದರಕ್ಕೆ ಒಂದೇ ದಿನಾಂಕ ಸಾಕೆನ್ನುವ ಯೋಜನೆಗೆ ದುಡ್ಡು ಹಾಕಬೇಡಿ. ಒಲೆ, ಹಗೇವು, ಸುಟ್ಟ ನೆಲದಂಥ ಮುಚ್ಚಿದ ಜಾಗಗಳಿಂದ, ಪ್ರತಿ ಮುಖ್ಯ ಪದರಕ್ಕೆ ಕನಿಷ್ಠ ಎರಡು ಮೂರು ಮಾದರಿ ಇರಲಿ.

ಪ್ರಯೋಗಾಲಯದಲ್ಲಿ ಮೊದಲ ಹಂತ ಆಮ್ಲ-ಕ್ಷಾರ-ಆಮ್ಲ ತೊಳೆತ. ಬಿಸಿ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣದಂಶವನ್ನು ಕರಗಿಸುತ್ತದೆ. ನಂತರದ ಸೋಡಿಯಂ ಹೈಡ್ರಾಕ್ಸೈಡ್ ಮಣ್ಣಿನಿಂದ ಇಳಿದ ಹ್ಯೂಮಿಕ್ (ಕೊಳೆತ ಸಸ್ಯದ) ಅಂಶವನ್ನು ಎಳೆಯುತ್ತದೆ. ಮೊದಲ ಸಲ ಡಿಕಾಕ್ಷನ್ನಿನಷ್ಟು ಕಪ್ಪಾಗಿ ಬರುವ ದ್ರಾವಣ ತಿಳಿಯಾಗುವವರೆಗೂ ಬದಲಿಸುತ್ತಾರೆ. ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಿರುವುದರಿಂದ ಕೊನೆಗೊಮ್ಮೆ ಆಮ್ಲ. ಅರೆಬೆಂದ ಇದ್ದಿಲು ಈ ಕ್ಷಾರದಲ್ಲಿ ಪೂರ್ತಿ ಕರಗಿಹೋಗುವುದುಂಟು. ಆಗ 'ಮಾದರಿ ವಿಫಲ' ಎಂಬ ಉತ್ತರ ಬಂದರೆ ಬೇಸರಪಡಬೇಡಿ. ತೊಳೆಯದೆ ಕೊಟ್ಟ ದಿನಾಂಕಕ್ಕಿಂತ ಅದು ಎಷ್ಟೋ ಪ್ರಾಮಾಣಿಕ. ಉಳಿದದ್ದನ್ನು ಉರಿಸಿ, ಬಂದ ಅನಿಲವನ್ನು ಕಬ್ಬಿಣದ ಪುಡಿಯ ಮೇಲೆ ಹೈಡ್ರೋಜನ್ ಜೊತೆ ಗ್ರಾಫೈಟ್ ಮಾಡಿ ಯಂತ್ರಕ್ಕೆ ಕೊಡುತ್ತಾರೆ.

ಈ ತೊಳೆತದ ಬೆಲೆ ಮಾದರಿಯ ವಯಸ್ಸಿನ ಜೊತೆ ಏರುತ್ತದೆ. 4,000 ವರ್ಷದ ಮಾದರಿಯಲ್ಲಿ ಶೇ 1ರಷ್ಟು ಇಂದಿನ ಇಂಗಾಲ ಉಳಿದರೆ ತಪ್ಪು ಸುಮಾರು 50 ವರ್ಷ. 40,000 ವರ್ಷದ ಮಾದರಿಯಲ್ಲಿ ಅದೇ ಶೇ 1 ಉಳಿದರೆ ಉತ್ತರ 33,000ದ ಹತ್ತಿರ ಬರುತ್ತದೆ. ಹಳೆಶಿಲಾಯುಗದ ಗವಿಗಳ ಮಾದರಿ ಕಳಿಸುವವರು ಇದನ್ನು ಮರೆಯಬಾರದು.

ಮೂಳೆಯ ವಿಷಯದಲ್ಲಿ ನಮ್ಮ ಸಲಹೆ ಕಟುವಾಗಿದೆ: ದಖ್ಖನಿನ ಬಿಸಿಲು, ಮಳೆಗೆ ಸಿಕ್ಕ ಮೂಳೆಯಲ್ಲಿ ಕೊಲಾಜೆನ್ (ಸಾರಜನಕವಿರುವ ಮೂಳೆಯ ಪ್ರೋಟೀನು, ಕಾಲ ಅಳೆಯುವುದು ಇದರಿಂದಲೇ) ಬಹುಪಾಲು ಹೋಗಿರುತ್ತದೆ. ಮೊದಲು ಸಾರಜನಕದ ಪ್ರಮಾಣ ನೋಡಿಸಿ. ಕೊಲಾಜೆನ್ ಶೇ 1ಕ್ಕಿಂತ ಕಡಿಮೆ ಇದ್ದರೆ, ಅಥವಾ ಇಂಗಾಲ-ಸಾರಜನಕದ ಪರಮಾಣು ಅನುಪಾತ 2.9ರಿಂದ 3.6ರ ಆಚೆಗಿದ್ದರೆ, ಅಲ್ಲಿಗೇ ನಿಲ್ಲಿಸಿ. ಕುಡತಿನಿಯಂಥ ಬೂದಿದಿಬ್ಬದ (ನವಶಿಲಾಯುಗದಲ್ಲಿ ಸಗಣಿ ಸುಟ್ಟು ಬೆಳೆದ ಗುಡ್ಡೆ) ಬೂದಿಯೂ ಹಾಗೆಯೇ. ಕರಗಿ ಗಟ್ಟಿಯಾದ ಬೂದಿಗಲ್ಲಿನಲ್ಲಿ ಸಾವಯವ ಇಂಗಾಲ ಉಳಿಯುವುದು ಅಪರೂಪ, ಬಿಳಿಬೂದಿಯ ಸುಣ್ಣ ಮಳೆನೀರಿನೊಡನೆ ಬದಲಾಗಿರುತ್ತದೆ. ಪೂರ್ತಿ ಉರಿಯದೆ ಕಪ್ಪಾಗಿ ಉಳಿದ ಸಗಣಿಯ ಪದರ ಹುಡುಕಿ. ಅದು ಆಯಾ ಕಾಲದ ಮೇವಿನದು, ಕಾಳಿನಷ್ಟೇ ಒಳ್ಳೆಯದು.

ವರದಿಯಲ್ಲಿ ಏನಿರಬೇಕು? ಪ್ರಯೋಗಾಲಯದ ಸಂಖ್ಯೆ (ಐಯುಎಸಿಯದು 'ಐಯುಎಸಿಡಿ' ಎಂದು ಶುರುವಾಗುತ್ತದೆ), ರೇಡಿಯೋಕಾರ್ಬನ್ ವಯಸ್ಸು ಮತ್ತು ಅದರ ದೋಷಮಿತಿ, ಶುದ್ಧೀಕರಣದ ಕ್ರಮ, ಇಂಗಾಲ-13ರ ತಿದ್ದುಪಡಿ (ಇಂಗಾಲದ ಬೇರೆ ಬೇರೆ ಬಗೆಗಳನ್ನು ಸಸ್ಯಗಳು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದನ್ನು ಸರಿಪಡಿಸುವ ಲೆಕ್ಕ). ಕೊನೆಯದು ಬೂದಿದಿಬ್ಬಗಳಿಗೆ ಬಹಳ ಮುಖ್ಯ. ಕಿರುಧಾನ್ಯ ಮತ್ತು ಬಯಲುಸೀಮೆಯ ಹುಲ್ಲುಗಳಲ್ಲಿ ಇಂಗಾಲ-13ರ ಮೌಲ್ಯ ಮರದ ಇದ್ದಿಲಿಗಿಂತ ಸಾವಿರಕ್ಕೆ 12-13ರಷ್ಟು ಬೇರೆ. ಸಾವಿರಕ್ಕೆ ಒಂದರ ವ್ಯತ್ಯಾಸಕ್ಕೆ ಸುಮಾರು 16 ವರ್ಷ ಹಿಡಿದರೆ, ತಿದ್ದುಪಡಿ ಇಲ್ಲದ ಸಗಣಿಯ ದಿನಾಂಕ ಇನ್ನೂರು ವರ್ಷ ಈಚಿನದಾಗಿ ಕಾಣುತ್ತದೆ. ಹಳೆಯ ಪಟ್ಟಿಗಳಿಂದ ದಿನಾಂಕ ಎತ್ತಿಕೊಳ್ಳುವವರು ಇದನ್ನು ಮೊದಲು ಪರಿಶೀಲಿಸಲಿ.

ಬಂದ ವಯಸ್ಸನ್ನು ಕ್ಯಾಲಿಬ್ರೇಟ್ ಮಾಡದೆ, ಅಂದರೆ ಕ್ಯಾಲೆಂಡರ್ ವರ್ಷಕ್ಕೆ ಪರಿವರ್ತಿಸದೆ, ಬಳಸಬೇಡಿ. 3400 ಎಂಬ ರೇಡಿಯೋಕಾರ್ಬನ್ ವಯಸ್ಸಿನಲ್ಲಿ (ಎಣಿಕೆ ಕ್ರಿ.ಶ. 1950ರಿಂದ ಹಿಂದಕ್ಕೆ) 1950 ಕಳೆದು ಕ್ರಿ.ಪೂ. 1450 ಎಂದು ಬರೆದ ಫಲಕಗಳು, ಲೇಖನಗಳು ಈಗಲೂ ಕಾಣುತ್ತವೆ. ಇಂಟ್‌ಕ್ಯಾಲ್20 ಎಂಬ ಪರಿವರ್ತನಾ ವಕ್ರರೇಖೆಯಲ್ಲಿ ಅದು ಕ್ರಿ.ಪೂ. 1700ರ ಆಸುಪಾಸು. ಆಕ್ಸ್‌ಕ್ಯಾಲ್ ಎಂಬ ಪರಿವರ್ತನಾ ತಂತ್ರಾಂಶ ಉಚಿತ. ಮೇಲಿನ ಪದರ, ಕೆಳಗಿನ ಪದರ ಎಂಬ ಕ್ರಮವನ್ನು ಅದಕ್ಕೆ ಕೊಟ್ಟರೆ ಅವಧಿಗಳು ಇನ್ನಷ್ಟು ಬಿಗಿಯಾಗುತ್ತವೆ. ಇದ್ದಿಲನ್ನು ಬಳಸಲೇಬೇಕಾಗಿ ಬಂದರೆ ಹಳೆಮರದ ಪರಿಣಾಮವನ್ನು ಲೆಕ್ಕಕ್ಕೆ ಹಿಡಿಯುವ ಗಣಿತ ವಿಧಾನವೂ ಅದರಲ್ಲಿದೆ. ಕಬ್ಬಿಣಯುಗದವರಿಗೆ ಮಾತ್ರ ಒಂದು ಕಠಿಣ ಮಿತಿ: ಕ್ರಿ.ಪೂ. 800ರಿಂದ 400ರವರೆಗೆ ವಕ್ರರೇಖೆ ಹೆಚ್ಚುಕಡಿಮೆ ಚಪ್ಪಟೆ, ಬೇರೆ ಬೇರೆ ವರ್ಷಗಳಿಗೆ ಹೆಚ್ಚುಕಡಿಮೆ ಒಂದೇ ರೇಡಿಯೋಕಾರ್ಬನ್ ವಯಸ್ಸು ಬರುತ್ತದೆ. 2450±30 ಎಂಬ ಅಚ್ಚುಕಟ್ಟಾದ ಅಳತೆಯೂ ಕ್ರಿ.ಪೂ. 750ರಿಂದ 410ರವರೆಗೆ ಹರಡಿಕೊಳ್ಳುತ್ತದೆ. ಬೃಹತ್ ಶಿಲಾ ಸಮಾಧಿಯಿಂದ ಇನ್ನೊಂದು ಮಾದರಿ ಕಳಿಸಿದರೂ ಇದು ಕರಗುವುದಿಲ್ಲ. ಆ ಹಣವನ್ನು ಮೇಲಿನ ಮತ್ತು ಕೆಳಗಿನ ಪದರಗಳ ಮಾದರಿಗೆ ಹಾಕಿ.

ವಿದೇಶದ ವಾಣಿಜ್ಯ ಪ್ರಯೋಗಾಲಯಗಳ ಹೆಚ್ಚುಗಾರಿಕೆ ವೇಗ. ಅಲ್ಲಿಗೆ ಕಳಿಸಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಬೇಕು, ಅದರ ಕಾಗದಪತ್ರಕ್ಕೆ ಹಿಡಿಯುವ ಸಮಯವನ್ನೂ ಆ ವೇಗದಲ್ಲಿ ಕಳೆಯಿರಿ. ಎಲ್ಲಿಗೇ ಕಳಿಸಿದರೂ ಮೊದಲೇ ಕೇಳಬೇಕಾದವು: ಮಾದರಿ ವಿಫಲವಾದರೆ ಶುಲ್ಕವೆಷ್ಟು, ಶುದ್ಧೀಕರಣ ದರದಲ್ಲಿ ಸೇರಿದೆಯೇ, ಉಳಿದ ಗ್ರಾಫೈಟ್ ಎಷ್ಟು ಕಾಲ ಇಡುತ್ತಾರೆ. ಕಾಳು ಯಾವುದು, ಯಾವ ಪದರದ್ದು ಎಂದು ತಿರುಗಿ ಕೇಳುವ ಪ್ರಯೋಗಾಲಯ ಸಿಕ್ಕರೆ ಅದನ್ನು ಬಿಡಬೇಡಿ.