ಒಂದೇ ಮನೆಗೆ ಮೂರು ಸ್ಕರ್ಟಿಂಗ್: ವಿನೈಲ್, ಫೋಮ್, ಇಟ್ಟಿಗೆ

ನಮ್ಮೂರಲ್ಲಿ ಸ್ಕರ್ಟಿಂಗ್ ಅಂದರೆ ಗೋಡೆಯ ಬುಡಕ್ಕೆ ಅಂಟಿಸುವ ಟೈಲ್ಸ್ ಪಟ್ಟಿ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಮೊಬೈಲ್ ಹೋಂ, ಅಂದರೆ ಕಾರ್ಖಾನೆಯಲ್ಲಿ ಕಟ್ಟಿ ಎಳೆದು ತಂದು ಕೂರಿಸುವ ಮನೆ, ಕೊಂಡ ಮೇಲೆ ಅದಕ್ಕೆ ಇನ್ನೊಂದು ಅರ್ಥ ಇದೆ ಅಂತ ಗೊತ್ತಾಯಿತು. (1976ರ ಜೂನ್ 15ರ ನಂತರ ಕಟ್ಟಿದವನ್ನು ಮ್ಯಾನುಫ್ಯಾಕ್ಚರ್ಡ್ ಹೋಂ ಅನ್ನಬೇಕಂತೆ. ಯಾರೂ ಅನ್ನುವುದಿಲ್ಲ.) ಈ ಮನೆ ಕೂತಿರುವುದು ಉಕ್ಕಿನ ತೊಲೆಗಳ ಮೇಲೆ. ತೊಲೆಗಳ ಕೆಳಗೆ ಅಲ್ಲಲ್ಲಿ ಕಾಂಕ್ರೀಟ್ ಬ್ಲಾಕ್ ಪೇರಿಸಿದ ಕಂಬಗಳು. ನೆಲಕ್ಕೂ ಮನೆಗೂ ನಡುವೆ ಎರಡು ಮೂರು ಅಡಿ ಖಾಲಿ. ಆ ಖಾಲಿಯನ್ನು ಸುತ್ತಲೂ ಮುಚ್ಚುವುದೇ ಇಲ್ಲಿನ ಸ್ಕರ್ಟಿಂಗ್.

ನಮ್ಮ ಮನೆ 16 ಅಡಿ ಅಗಲ, 76 ಅಡಿ ಉದ್ದ. ಈಗ ರಸ್ತೆ ಕಡೆ ಇಟ್ಟಿಗೆ, ಎರಡು ತುದಿಯಲ್ಲಿ ಇಟ್ಟಿಗೆಯಂತೆ ಕಾಣುವ ಫೋಮ್ ಹಲಗೆ, ಹಿಂದುಗಡೆ ಹಳೇ ವಿನೈಲ್, ಅಂದರೆ ತೆಳು ಪ್ಲಾಸ್ಟಿಕ್ ಹಲಗೆ. ಯೋಚನೆ ಮಾಡಿ ಮಾಡಿದ್ದಲ್ಲ. ದುಡ್ಡು ಮುಗಿಯುತ್ತಾ ಬಂದ ಹಾಗೆ ಹೀಗಾಯಿತು.

ವಿನೈಲ್ ಬಗ್ಗೆ ಹೇಳುವುದು ಜಾಸ್ತಿ ಏನಿಲ್ಲ. ಅಗ್ಗ, ಹಗುರ, ಒಬ್ಬರೇ ಹಾಕಬಹುದು. ಚಳಿಗಾಲದಲ್ಲಿ ಗಡುಸಾಗುತ್ತದೆ, ಕಾಲು ತಾಗಿದರೆ ಸೀಳುತ್ತದೆ. ಹುಲ್ಲು ಕತ್ತರಿಸುವ ಮೆಷಿನ್ನಿನ ದಾರ ತಗುಲಿದ ಕಡೆಯೆಲ್ಲಾ ತೂತು. ಒಂದು ಸಲ ಜೋರು ಗಾಳಿಗೆ ಎರಡು ಹಲಗೆ ಹಾರಿ ಪಕ್ಕದವರ ಅಂಗಳಕ್ಕೆ ಬಿದ್ದಿದ್ದವು. ಪಾಪ, ಅವರೇ ತಂದುಕೊಟ್ಟರು.

ಫೋಮ್ ಹಲಗೆ ಒಂದು ಶನಿವಾರದ ಕೆಲಸ. ಕೈಗರಗಸದಲ್ಲೇ ಕುಯ್ಯಬಹುದು. ರಸ್ತೆಯಿಂದ ನೋಡಿದರೆ ಇಟ್ಟಿಗೆಯೇ. ಹತ್ತಿರ ಹೋದರೆ ಗುಟ್ಟು ರಟ್ಟಾಗುತ್ತದೆ, ಯಾಕೆಂದರೆ ಒಂದೇ ಮೂಲೆ ಮುರಿದ ಇಟ್ಟಿಗೆ ಪ್ರತಿ ಹಲಗೆಯಲ್ಲೂ ಅದೇ ಜಾಗದಲ್ಲಿ ಇರುತ್ತದೆ! ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಅದೇ ಕಾಣುತ್ತದೆ. ಎರಡನೇ ಬೇಸಿಗೆಗೆ ಒಂದು ಹಲಗೆಯೊಳಗೆ ಇರುವೆಗಳು ಸಂಸಾರ ಹೂಡಿದ್ದವು. ಆದರೆ ಚಳಿ ತಡೆಯುವುದರಲ್ಲಿ ಮೂರರಲ್ಲಿ ಇದೇ ಮುಂದು. ಇಟ್ಟಿಗೆ ಕಟ್ಟಿದರೆ ಮನೆ ಬೆಚ್ಚಗಾಗುತ್ತದೆ ಅಂದುಕೊಂಡಿದ್ದೆ. ಒಂದೇ ಪದರದ ಇಟ್ಟಿಗೆ ಗಾಳಿ ತಡೆಯುತ್ತದೆ ಅಷ್ಟೇ, ಚಳಿಯನ್ನಲ್ಲ.

ಇನ್ನು ಇಟ್ಟಿಗೆ. ಇಲ್ಲಿನ ಮಣ್ಣು ನಮ್ಮ ಕಡೆಯಂತೆ ಕೆಂಪು, ಜೇಡಿ. ಈ ರಾಜ್ಯದಲ್ಲಿ ಇಟ್ಟಿಗೆ ಕಾರ್ಖಾನೆಗಳೂ ಬೇಕಾದಷ್ಟಿವೆ. 76 ಅಡಿ ಉದ್ದ, ಸರಾಸರಿ ಎರಡೂವರೆ ಅಡಿ ಎತ್ತರ ಅಂದರೆ 190 ಚದರಡಿ. ಚದರಡಿಗೆ ಏಳರಂತೆ 1,330 ಇಟ್ಟಿಗೆ. ಒಡೆಯುವುದನ್ನೂ ಸೇರಿಸಿ 1,400 ತರಿಸಿದೆ. ಕೆಲಸ ಬಿಟ್ಟು ಮನೆಯಲ್ಲಿದ್ದ ವಯಸ್ಸಾದ ಮೇಸ್ತ್ರಿ ಒಬ್ಬರು ಸಿಕ್ಕರು. ನಾನು ಅವರ ಕೈಯಾಳು.

ಹಾಸನದಿಂದ ಅಪ್ಪ ವಿಡಿಯೋ ಕಾಲ್‌ನಲ್ಲಿ ಕೇಳಿದರು, "ಇಟ್ಟಿಗೆ ನೆನೆಸಿದ್ಯೇನೋ?" ನೆನೆಸಿದ್ದೆ. ಮೇಸ್ತ್ರಿ ಬರುವ ಮೊದಲೇ ಎರಡು ಡ್ರಮ್ ತುಂಬಾ. ಅವರು ನೋಡಿ ತಲೆ ಚಚ್ಚಿಕೊಂಡರು. ನಮ್ಮ ಊರ ಇಟ್ಟಿಗೆ ನೀರು ಕುಡಿಯುತ್ತದೆ, ನೆನೆಸದಿದ್ದರೆ ಗಾರೆಯ ನೀರನ್ನೆಲ್ಲಾ ಹೀರಿಬಿಡುತ್ತದೆ. ಇಲ್ಲಿ ನಾನು ತರಿಸಿದ್ದು ಮೆಷಿನ್ನಿನಲ್ಲಿ ಒತ್ತಿ ತೆಗೆದ ಗಟ್ಟಿ ಇಟ್ಟಿಗೆ, ನೀರು ಹೀರುವುದೇ ಕಮ್ಮಿ. ಒದ್ದೆ ಇಟ್ಟಿಗೆ ಗಾರೆಯ ಮೇಲೆ ಸೋಪಿನ ಹಾಗೆ ಜಾರುತ್ತಿತ್ತು. ಅವು ಒಣಗುವವರೆಗೆ ಒಂದು ದಿನ ಹಾಳು.

ದೊಡ್ಡ ತಪ್ಪು ಮಾಡಲು ಹೊರಟಿದ್ದು ಕೊನೆಯ ವರಸೆಯಲ್ಲಿ. ಮನೆಯ ತಳಕ್ಕೆ ಒತ್ತಿ ಬಿಗಿಯಾಗಿ ಇಟ್ಟಿಗೆ ಕೂರಿಸಿದೆ. ಇಟ್ಟಿಗೆ ಅಂದ ಮೇಲೆ ಮನೆಯನ್ನು ಹೊರಬೇಕು ಅಲ್ವಾ? ಇಲ್ಲಿ ಹೊರಬಾರದು. ಭಾರ ಹೊರುವುದು ಬ್ಲಾಕಿನ ಕಂಬಗಳು. ಮಣ್ಣು ಉಬ್ಬಿ ಕುಗ್ಗಿದಂತೆ ಅವು ಸ್ವಲ್ಪ ಸ್ವಲ್ಪ ಕೂರುತ್ತವೆ, ಒಮ್ಮೊಮ್ಮೆ ಜ್ಯಾಕ್ ಕೊಟ್ಟು ಮಟ್ಟ ಮಾಡಬೇಕಾಗುತ್ತದೆ. ಇಟ್ಟಿಗೆ ತಾಗಿಕೊಂಡಿದ್ದರೆ ಮನೆ ಅದರ ಮೇಲೆ ಕೂತು ಗೋಡೆ ಬಿರಿಯುತ್ತದೆ, ಒಳಗೆ ಬಾಗಿಲು ಹಿಡಿಯುತ್ತದೆ. ಮೇಸ್ತ್ರಿ ಆ ವರಸೆಯನ್ನು ನನ್ನ ಕೈಯಿಂದಲೇ ಕೀಳಿಸಿದರು. ಒಂದು ಇಂಚಿನಷ್ಟು ಸಂದು ಬಿಟ್ಟು, ಮೇಲಿನಿಂದ ತಗಡಿನ ಪಟ್ಟಿ ಇಳಿಬಿಟ್ಟೆವು. ಪಟ್ಟಿಗೆ ಮೊಳೆ ಮನೆ ಕಡೆ ಮಾತ್ರ. ಗೋಡೆ ತನ್ನ ಕಾಲ ಮೇಲೆ ನಿಲ್ಲಬೇಕಲ್ಲ, ಅದಕ್ಕೆ 12 ಇಂಚು ಅಗೆದು ಕಾಂಕ್ರೀಟ್ ಪಾಯ ಹಾಕಿ, ಒಳಗಡೆ ಅಲ್ಲಲ್ಲಿ ಇಟ್ಟಿಗೆಯ ಪಿಲ್ಲರ್ ಎಬ್ಬಿಸಿದ್ದೆವು.

ಗಾಳಿ ಕಿಂಡಿಗೂ ಲೆಕ್ಕ ಇದೆ. ಇಲ್ಲಿನ ಕೇಂದ್ರ ಸರ್ಕಾರದ ಮಾದರಿ ನಿಯಮದಂತೆ 150 ಚದರಡಿ ನೆಲಕ್ಕೆ ಒಂದು ಚದರಡಿ ಕಿಂಡಿ. ನಮಗೆ ಎಂಟು ಚದರಡಿ ಆಗುತ್ತಿತ್ತು. ಮಣ್ಣಿನ ಮೇಲೆ 6 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ದಪ್ಪದ ಪ್ಲಾಸ್ಟಿಕ್ ಹಾಳೆ ಪೂರ್ತಿ ಹಾಸಿದರೆ 1,500 ಚದರಡಿಗೆ ಒಂದು ಸಾಕು. ಹಾಳೆ ಹಾಸಿದೆ, ಕಿಂಡಿಯನ್ನೂ ಧಾರಾಳವಾಗಿಯೇ ಬಿಟ್ಟೆ. ಬಟ್ಟೆ ಒಣಗಿಸುವ ಡ್ರೈಯರ್‌ನ ಪೈಪನ್ನು ಮಾತ್ರ ಮರೆಯದೆ ಸ್ಕರ್ಟಿಂಗ್ ದಾಟಿಸಿ ಹೊರಕ್ಕೆ ಬಿಡಿ. ಇಲ್ಲದಿದ್ದರೆ ಆ ಹಬೆಯೆಲ್ಲಾ ಮನೆಯ ಕೆಳಗೇ ಉಳಿಯುತ್ತದೆ.

ಖರ್ಚು? ವಿನೈಲ್‌ಗೆ ಆದದ್ದರ ಐದಾರು ಪಟ್ಟು, ಅದೂ ಒಂದೇ ಬದಿಗೆ. ಜಾಗ ಬಾಡಿಗೆಯದ್ದಾದರೆ ಇಟ್ಟಿಗೆಯ ಆಸೆ ಬಿಡಿ. ಮನೆ ಎಳೆದುಕೊಂಡು ಹೋದರೂ ಗೋಡೆ ಅಲ್ಲೇ ಇರುತ್ತದೆ. ನಮ್ಮ ಜಾಗ ನಮ್ಮದೇ ಆದ್ದರಿಂದ ನನಗೆ ಬೇಜಾರಿಲ್ಲ. ದುಡ್ಡು ಕೂಡಿದರೆ ತುದಿಗಳ ಫೋಮ್ ಕಿತ್ತು ಅಲ್ಲಿಗೂ ಇಟ್ಟಿಗೆಯೇ ಕಟ್ಟುತ್ತೇನೆ.

ಹಿಂದಿನ ವಿನೈಲ್ ಮಾತ್ರ ತೆಗೆಯುವುದಿಲ್ಲ. ಇಟ್ಟಿಗೆಯಲ್ಲಿ ಒಂದು ಚಿಕ್ಕ ಬಾಗಿಲು ಬಿಟ್ಟಿದ್ದೆ, ಅಂದ ಕೆಡಬಾರದು ಅಂತ ಮೂಲೆಯಲ್ಲಿ. ಜನವರಿಯಲ್ಲಿ ನೀರಿನ ಪೈಪ್ ಒಡೆದದ್ದು ಆಚೆ ತುದಿಯಲ್ಲಿ. ಪ್ಲಂಬರ್ ಬಾಗಿಲು ನೋಡಿದ, ಪೈಪ್ ಇರುವ ದೂರ ನೋಡಿದ. ಮಾತಾಡದೆ ಹಿಂದಕ್ಕೆ ಹೋಗಿ ಎರಡು ವಿನೈಲ್ ಹಲಗೆ ಎಳೆದು ಒಳಗೆ ನುಗ್ಗಿದ.